ಎರಡು ದಿನಕ್ಕೆ ಇಂಗ್ಲೆಂಡಿನ ಜೊಂಡುಬಯಲು: ಲೇಕನ್‌ಹೀತ್ ಫೆನ್ ಒಳ್ಳೆಯದೋ, ಮಿನ್ಸ್‌ಮಿಯರ್ ಒಳ್ಳೆಯದೋ?

ಹೆಬ್ಬಾಳದ ಹಾದಿ

ಎಲ್ಲರಿಗೂ ನಮಸ್ಕಾರ. ಕಚೇರಿಯ ಕೆಲಸದ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ಬಂದಿದ್ದು, ಬೇಸಿಗೆ ಮುಗಿಯುವವರೆಗೆ ಇಲ್ಲಿಯೇ ಇರುತ್ತೇನೆ. ಮೇ ತಿಂಗಳ ನಡುವಿನ ಒಂದು ಶನಿವಾರ, ಭಾನುವಾರವನ್ನು ಇಂಗ್ಲೆಂಡಿನ ಪೂರ್ವ ಭಾಗದ ಜೌಗುನೆಲಗಳಲ್ಲಿ ಹಕ್ಕಿ ನೋಡಲು ಮೀಸಲಿಟ್ಟಿದ್ದೇನೆ. ಮುಖ್ಯವಾಗಿ ನೋಡಬೇಕೆಂದಿರುವುದು ಜೊಂಡಿನೊಳಗೆ ಬಾಳುವ ಮೂರು ಹಕ್ಕಿಗಳನ್ನು: ಬಕದ ಬಳಗದ ಬಿಟರ್ನ್, ಪುಟ್ಟ ಹಕ್ಕಿಯಾದ ಬಿಯರ್ಡೆಡ್ ಟಿಟ್ ಮತ್ತು ಬೇಟೆ ಹಕ್ಕಿಯಾದ ಮಾರ್ಷ್ ಹ್ಯಾರಿಯರ್. ಕೊನೆಯದನ್ನು ಚಳಿಗಾಲದಲ್ಲಿ ನಮ್ಮ ಕೆರೆಗಳ ಮೇಲೆ ಕಂಡಿದ್ದೇನೆ; ಆದರೆ ಗೂಡು ಕಟ್ಟುವ ಕಾಲದ ಅದರ ಹಾರಾಟವನ್ನು ನೋಡುವ ಅವಕಾಶ ಸಿಕ್ಕಿಲ್ಲ.

ಸದ್ಯಕ್ಕೆ ಹಾಕಿಕೊಂಡಿರುವ ಯೋಜನೆ ಹೀಗಿದೆ. ಶನಿವಾರ ಬೆಳಿಗ್ಗೆ ಸಫೋಕ್ ಕರಾವಳಿಯ ಮಿನ್ಸ್‌ಮಿಯರ್, ಸಂಜೆ ನಾರಿಚ್ ಬಳಿಯ ಸ್ಟ್ರಂಪ್‌ಶಾ ಫೆನ್, ಭಾನುವಾರ ಬೆಳಿಗ್ಗೆ ಹಿಕ್ಲಿಂಗ್ ಬ್ರಾಡ್, ಹಿಂದಿರುಗುವಾಗ ಕೇಂಬ್ರಿಜ್ ಬಳಿಯ ವಿಕನ್ ಫೆನ್. ನನ್ನ ಬಳಿ ಕಾರಿಲ್ಲ. ಸ್ಕೋಪ್ ಇಲ್ಲ, 8x42 ಬೈನಾಕ್ಯುಲರ್ ಮಾತ್ರ ಇದೆ. ಈ ಯೋಜನೆ ನಡೆಯುವಂಥದ್ದೇ, ಉಳಿದುಕೊಳ್ಳಲು ಯಾವ ಊರು ಅನುಕೂಲ ಎಂಬುದನ್ನು ಅಲ್ಲಿ ಓಡಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಈಲಿಯ ನೆರೆ

ನಿಮ್ಮ ಯೋಜನೆಯಲ್ಲಿ ನಾಲ್ಕು ಒಳ್ಳೆಯ ಜಾಗಗಳಿವೆ, ಆದರೆ ಹಕ್ಕಿ ನೋಡುವುದಕ್ಕೆ ಸಮಯವೇ ಇಲ್ಲ. ಕಾರಿಲ್ಲದೆ ಈ ನಾಲ್ಕನ್ನೂ ಸುತ್ತುವವರು ವಾರಾಂತ್ಯದ ಬಹುಪಾಲನ್ನು ಬಸ್ ನಿಲ್ದಾಣಗಳಲ್ಲಿ ಕಳೆಯುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಕೆರೆಗಳಲ್ಲಿ ಏರಿಯ ಮೇಲೆ ನಿಂತರೆ ನೀರಿನಲ್ಲಿರುವ ಹಕ್ಕಿಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ, ಅರ್ಧ ಗಂಟೆಯಲ್ಲಿ ಪಟ್ಟಿ ಮುಗಿದು ಮುಂದಿನ ಕೆರೆಗೆ ಹೊರಡಬಹುದು. ಜೊಂಡುಬಯಲಿನಲ್ಲಿ ಆ ಪದ್ಧತಿ ನಡೆಯುವುದಿಲ್ಲ. ಆಳೆತ್ತರವನ್ನೂ ಮೀರಿದ ಜೊಂಡು ಕಣ್ಣು ಹಾಯುವಷ್ಟು ದೂರ ನಿಂತಿರುತ್ತದೆ. ನಿಮಗೆ ಬೇಕಾದ ಹಕ್ಕಿ ಇಪ್ಪತ್ತು ಅಡಿ ದೂರದಲ್ಲಿದ್ದರೂ ಅದು ತಾನಾಗಿ ಅಂಚಿಗೆ ಬರುವವರೆಗೆ ಕಾಣುವುದಿಲ್ಲ. ಆದ್ದರಿಂದ ಒಂದೇ ಜೊಂಡುಬಯಲನ್ನು ಆರಿಸಿಕೊಂಡು, ಎರಡೂ ದಿನ ಅಲ್ಲಿಯೇ ಕುಳಿತುಕೊಳ್ಳಿ ಎಂಬುದು ನನ್ನ ಸಲಹೆ.

ಆ ಒಂದು ಜಾಗ ಲೇಕನ್‌ಹೀತ್ ಫೆನ್ ಆಗಲಿ. ನಾರ್ಫೋಕ್ ಮತ್ತು ಸಫೋಕ್ ಜಿಲ್ಲೆಗಳ ಗಡಿಯಾಗಿ ಹರಿಯುವ ಲಿಟಲ್ ಊಸ್ ನದಿಯ ದಂಡೆಯ ಮೇಲಿರುವ ಈ ಪ್ರದೇಶ 1990ರ ದಶಕದ ಮಧ್ಯದವರೆಗೆ ಹೆಚ್ಚಾಗಿ ಕ್ಯಾರೆಟ್ ಬೆಳೆಯುವ ಹೊಲವಾಗಿತ್ತು ಎಂದರೆ ಈಗ ನೋಡಿದವರು ನಂಬುವುದು ಕಷ್ಟ. 1995ರಲ್ಲಿ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ ಈ ಭೂಮಿಯನ್ನು ಕೊಂಡು, ಕಾಲುವೆ ಮತ್ತು ಹೊಂಡಗಳನ್ನು ತೋಡಿಸಿ, ಸ್ವಯಂಸೇವಕರ ಕೈಯಿಂದ ಜೊಂಡಿನ ಸಸಿ ನೆಡಿಸಿ, ನೀರು ನಿಲ್ಲಿಸಿತು. ಈಗ ಅಲ್ಲಿ ನೀವು ಹೇಳಿದ ಮೂರು ಹಕ್ಕಿಗಳೂ ಗೂಡು ಕಟ್ಟುತ್ತವೆ.

ನಿಮಗೆ ಇನ್ನೊಂದು ಅನುಕೂಲವೂ ಇದೆ. ಕೇಂಬ್ರಿಜ್, ಈಲಿ, ಥೆಟ್‌ಫೋರ್ಡ್ ಮಾರ್ಗವಾಗಿ ನಾರಿಚ್‌ಗೆ ಹೋಗುವ ರೈಲುದಾರಿಯಲ್ಲಿ ಲೇಕನ್‌ಹೀತ್ ಎಂಬ ಪುಟ್ಟ ನಿಲ್ದಾಣವಿದ್ದು, ಅಲ್ಲಿಂದ ಮೀಸಲು ಪ್ರದೇಶಕ್ಕೆ ನಡೆದೇ ಹೋಗಬಹುದು. ವಾರದ ದಿನಗಳಲ್ಲಿ ರೈಲುಗಳು ನಿಲ್ಲದೆ ಹೋಗುವುದೇ ಹೆಚ್ಚು. ನಿಲ್ಲುವ ಕೆಲವು ರೈಲುಗಳು ವಾರಾಂತ್ಯಕ್ಕೆ, ಅದರಲ್ಲೂ ಭಾನುವಾರಕ್ಕೆ ಸೇರಿದವು. ಹೊರಡುವ ಮುನ್ನ ಆ ವಾರದ ವೇಳಾಪಟ್ಟಿಯನ್ನು ತಪ್ಪದೆ ನೋಡಿಕೊಳ್ಳಿ. ಉಳಿದುಕೊಳ್ಳಲು ಈಲಿ ಒಳ್ಳೆಯದು. ಶನಿವಾರ ಬೆಳಗಿನ ಜಾವ ಮಾತ್ರ ಟ್ಯಾಕ್ಸಿ ಹಿಡಿಯಬೇಕಾಗುತ್ತದೆ, ಏಕೆಂದರೆ ಆ ಕಾಲದಲ್ಲಿ ಸೂರ್ಯ ಐದು ಗಂಟೆಯ ಹೊತ್ತಿಗೇ ಹುಟ್ಟುತ್ತಾನೆ, ಯಾವ ರೈಲೂ ಅಷ್ಟು ಬೇಗ ನಿಮ್ಮನ್ನು ಅಲ್ಲಿಗೆ ಮುಟ್ಟಿಸುವುದಿಲ್ಲ.

ಕಡಲಂಚು

ಈಲಿಯವರ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ. ಒಂದೇ ಜಾಗವನ್ನು ಆರಿಸುವುದಾದರೆ ಅದು ಮಿನ್ಸ್‌ಮಿಯರ್ ಆಗಬೇಕು. ನಾನು ಇಪ್ಸ್‌ವಿಚ್‌ನಲ್ಲಿ ನೆಲೆಸಿರುವುದರಿಂದ ಸ್ವಲ್ಪ ಪಕ್ಷಪಾತ ಇರಬಹುದು, ಆದರೂ ಕಾರಣಗಳನ್ನು ಕೇಳಿ.

ಎರಡನೇ ಮಹಾಯುದ್ಧದಲ್ಲಿ ಶತ್ರು ಸೈನ್ಯ ಕಡಲ ಕಡೆಯಿಂದ ಇಳಿಯಬಹುದೆಂಬ ಭಯದಿಂದ 1940ರಲ್ಲಿ ಇಲ್ಲಿನ ಹುಲ್ಲುಗಾವಲುಗಳಿಗೆ ನೀರು ತುಂಬಿಸಲಾಯಿತು. ಜೊಂಡು ಬೆಳೆಯಿತು, ಹಕ್ಕಿಗಳು ಬಂದವು. ಬ್ರಿಟನ್ನಿನಲ್ಲಿ ಗೂಡು ಕಟ್ಟುವುದನ್ನೇ ಬಿಟ್ಟಿದ್ದ ಅವೊಸೆಟ್ ಹಕ್ಕಿ 1947ರಲ್ಲಿ ಈ ಕರಾವಳಿಗೆ ಮರಳಿತು. ಅದೇ ವರ್ಷ ಮಿನ್ಸ್‌ಮಿಯರ್ ಆರ್‌ಎಸ್‌ಪಿಬಿಯ ಮೀಸಲು ಪ್ರದೇಶವಾಯಿತು. ಆ ಹಕ್ಕಿಯೇ ಇಂದು ಸಂಸ್ಥೆಯ ಲಾಂಛನದಲ್ಲಿದೆ. ಮಾರ್ಷ್ ಹ್ಯಾರಿಯರ್ ವಿಚಾರದಲ್ಲಂತೂ ಈ ಜಾಗಕ್ಕೆ ಎಣೆಯಿಲ್ಲ. ಡಿಡಿಟಿಯಂಥ ಕೀಟನಾಶಕಗಳ ಹೊಡೆತಕ್ಕೆ ಸಿಕ್ಕಿ 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗೂಡು ಕಟ್ಟುವ ಒಂದೇ ಒಂದು ಜೋಡಿ ಉಳಿದಿತ್ತು, ಅದು ಉಳಿದದ್ದು ಮಿನ್ಸ್‌ಮಿಯರ್‌ನಲ್ಲಿ.

ಇಲ್ಲಿ ಜೊಂಡಿನ ಜೊತೆಗೆ ಕಾಡು, ಕುರುಚಲು ಗಿಡಗಳ ಹೀತ್ ಬಯಲು, ಕಡಲತೀರ, ಮತ್ತು 1960ರ ದಶಕದಲ್ಲಿ ವಾರ್ಡನ್ ಬರ್ಟ್ ಆಕ್ಸೆಲ್ ಮುಂದೆ ನಿಂತು ತೋಡಿಸಿದ ‘ಸ್ಕ್ರೇಪ್’ ಎಂಬ ಆಳವಿಲ್ಲದ ಕೊಳಗಳಿವೆ. ಮೇ ತಿಂಗಳಲ್ಲಿ ಒಂದೇ ದಿನದಲ್ಲಿ ನೂರು ಜಾತಿಯ ಗುರಿ ಇಟ್ಟುಕೊಂಡು ಬರುವವರು ಇದ್ದಾರೆ. ಜೊಂಡುಬಯಲಿನಲ್ಲಿ ಬಿಟರ್ನ್ ಕಾಣದೆ ಬೇಸರವಾದರೆ ಎದ್ದು ಹೋಗಿ ಅವೊಸೆಟ್ ನೋಡಬಹುದು. ಲೇಕನ್‌ಹೀತ್‌ನಲ್ಲಿ ಬೇಸರವಾದರೆ ಎಲ್ಲಿಗೆ ಹೋಗುತ್ತೀರಿ?

ಈಲಿಯ ನೆರೆ

ಬೇಸರವಾದರೂ ಎಲ್ಲಿಗೂ ಹೋಗಲಾಗುವುದಿಲ್ಲ ಎಂಬುದೇ ಲೇಕನ್‌ಹೀತ್‌ನ ಹೆಚ್ಚುಗಾರಿಕೆ! ಮಿನ್ಸ್‌ಮಿಯರ್ ಶ್ರೀಮಂತ ಜಾಗ ಎಂಬುದರಲ್ಲಿ ತಕರಾರಿಲ್ಲ. ಆದರೆ ಇವರು ಕೇಳಿರುವುದು ಜೊಂಡಿನ ಹಕ್ಕಿಗಳ ಬಗ್ಗೆ. ಹೊಸಬರು ಮಿನ್ಸ್‌ಮಿಯರ್‌ಗೆ ಹೋದಾಗ ಸ್ಕ್ರೇಪ್‌ನ ಹಕ್ಕಿಗಳಲ್ಲಿ ಮುಳುಗಿ, ಜೊಂಡಿನ ಮುಂದಿನ ಹೈಡ್‌ಗಳಲ್ಲಿ (ಹಕ್ಕಿಗೆ ಕಾಣದಂತೆ ಕುಳಿತು ನೋಡುವ ಮರೆಮನೆಗಳಲ್ಲಿ) ಕಾಲು ಗಂಟೆ ಕುಳಿತು ಎದ್ದುಬಿಡುವುದನ್ನು ನಾನು ನೋಡಿದ್ದೇನೆ. ಮೇಲಾಗಿ ಅಲ್ಲಿಗೆ ಹತ್ತಿರದ ರೈಲು ನಿಲ್ದಾಣ ಡಾರ್ಶಮ್. ಅದು ನಡೆದು ಹೋಗುವ ದೂರದಲ್ಲಿಲ್ಲ.

ನೀರುನೆಲ

ಯಾವ ಜಾಗ ಎಂಬ ವಾದ ಮುಂದುವರಿಯಲಿ. ಎಲ್ಲಿಗೇ ಹೋದರೂ ಜೊಂಡುಬಯಲನ್ನು ಓದುವುದು ಹೇಗೆ ಎಂಬುದನ್ನು ತಿಳಿದುಕೊಂಡು ಹೋದರೆ ಎರಡು ದಿನ ಸಾರ್ಥಕವಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ದೂರದಿಂದ ನೋಡಿದರೆ ಜೊಂಡೆಲ್ಲ ಒಂದೇ ಎನ್ನಿಸುತ್ತದೆ, ಆದರೆ ಹಕ್ಕಿಗಳಿಗೆ ಅದು ಒಂದೇ ಅಲ್ಲ. ಬಿಟರ್ನ್ ಬಕಗಳ ಕುಟುಂಬಕ್ಕೆ ಸೇರಿದ್ದು, ಮೀನು ಹಿಡಿದು ತಿನ್ನುವ ಹಕ್ಕಿ. ಆದ್ದರಿಂದ ಅದಕ್ಕೆ ಬೇಕಾದದ್ದು ಬುಡದಲ್ಲಿ ವರ್ಷವಿಡೀ ನೀರು ನಿಲ್ಲುವ ಜೊಂಡು ಮತ್ತು ಆ ಜೊಂಡಿಗೂ ತೆರೆದ ನೀರಿಗೂ ನಡುವಿನ ಉದ್ದನೆಯ ಅಂಚು. ಕಾಲುವೆಗಳು ಜೊಂಡಿನೊಳಗೆ ಎಷ್ಟು ಸುತ್ತಿ ಬಳಸಿ ಹೋಗುತ್ತವೆಯೋ ಅಷ್ಟೂ ಅಂಚು ಹೆಚ್ಚು, ಮೀನು ಹಿಡಿಯಲು ಅಷ್ಟೂ ಜಾಗ ಹೆಚ್ಚು. ನೀವು ಹೈಡ್‌ನಲ್ಲಿ ಕುಳಿತಾಗ ಜೊಂಡಿನ ನಡುಭಾಗವನ್ನು ದಿಟ್ಟಿಸುವುದನ್ನು ಬಿಟ್ಟು, ಈ ಅಂಚುಗಳನ್ನು, ಅದರಲ್ಲೂ ಜೊಂಡು ಮುರಿದು ಬಾಗಿದ ಮೂಲೆಗಳನ್ನು ಬೈನಾಕ್ಯುಲರ್‌ನಲ್ಲಿ ನಿಧಾನವಾಗಿ ಸವರುತ್ತಾ ಹೋಗಿ. ಒಣ ಜೊಂಡಿನ ಬಣ್ಣದ, ಕಪ್ಪು ಗೀರುಗಳಿರುವ ಒಂದು ಕಂಬ ಅಲ್ಲಾಡದೆ ನಿಂತಿದ್ದರೆ ಮತ್ತೊಮ್ಮೆ ನೋಡಿ. ಅಪಾಯ ಕಂಡಾಗ ಕೊಕ್ಕನ್ನು ಆಕಾಶಕ್ಕೆತ್ತಿ ನಿಲ್ಲುವುದು ಬಿಟರ್ನ್‌ನ ಅಭ್ಯಾಸ.

ಗಂಡು ಬಿಟರ್ನ್‌ನ ಕೂಗನ್ನು ಇಂಗ್ಲಿಷ್‌ನವರು ‘ಬೂಮ್’ ಎನ್ನುತ್ತಾರೆ. ಹಕ್ಕಿ ಗಾಳಿ ನುಂಗಿ ಅನ್ನನಾಳವನ್ನು ಉಬ್ಬಿಸಿಕೊಂಡು ಹೊರಡಿಸುವ ಈ ತಗ್ಗು ಶ್ರುತಿಯ ದನಿ, ಖಾಲಿ ಹಂಡೆಯ ಬಾಯಿಗೆ ಯಾರೋ ದೂರದಲ್ಲಿ ಊದಿದಂತೆ ಕೇಳಿಸುತ್ತದೆ, ಗಾಳಿಯಿಲ್ಲದ ಮುಂಜಾನೆ ಐದು ಕಿಲೋಮೀಟರಿನಷ್ಟು ದೂರಕ್ಕೂ ಸಾಗುತ್ತದೆ. ಇಷ್ಟು ಗುಟ್ಟಾಗಿ ಬಾಳುವ ಹಕ್ಕಿಯನ್ನು ಎಣಿಸುವುದಕ್ಕೂ ಈ ಕೂಗೇ ಆಧಾರ. ಪ್ರತಿಯೊಂದು ಗಂಡಿನ ದನಿಯಲ್ಲೂ ಸಣ್ಣ ವ್ಯತ್ಯಾಸವಿರುವುದರಿಂದ ಧ್ವನಿಮುದ್ರಣಗಳನ್ನು ಹೋಲಿಸಿ ಯಾವ ಹಕ್ಕಿ ಯಾವುದೆಂದು ಗುರುತಿಸಬಹುದು. ಹೀಗೆ ಎಣಿಸಿದಾಗ 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಸಿಕ್ಕಿದ್ದು ಕೇವಲ 11 ಗಂಡುಗಳು. ಈಗ ಆ ಸಂಖ್ಯೆ 200 ದಾಟಿದೆ. 19ನೇ ಶತಮಾನದ ಕೊನೆಗೆ ಇದೇ ಹಕ್ಕಿ ಆ ದೇಶದಲ್ಲಿ ಗೂಡು ಕಟ್ಟುವುದೇ ನಿಂತುಹೋಗಿ, 1911ರಲ್ಲಿ ಛಾಯಾಗ್ರಾಹಕಿ ಎಮ್ಮಾ ಟರ್ನರ್ ಅವರು ನಾರ್ಫೋಕ್‌ನ ಸಟನ್ ಬ್ರಾಡ್‌ನಲ್ಲಿ ಮರಿಯ ಚಿತ್ರ ತೆಗೆದ ಮೇಲೆ ಅದು ಮರಳಿ ಬಂದಿರುವುದು ಖಚಿತವಾಯಿತು. ಒಂದು ಹಕ್ಕಿ ಒಂದು ದೇಶದಿಂದ ಒಮ್ಮೆ ಅಳಿದು, ಇನ್ನೊಮ್ಮೆ ಅಳಿವಿನ ಅಂಚಿಗೆ ಹೋಗಿ ಬಂದದ್ದು ಕಡಿಮೆ ಮಾತಲ್ಲ.

ಬಿಯರ್ಡೆಡ್ ಟಿಟ್ ವಿಷಯ ಬೇರೆ. ಬೇಸಿಗೆಯಲ್ಲಿ ಹುಳು ತಿನ್ನುವ ಈ ಹಕ್ಕಿ ಚಳಿಗಾಲದಲ್ಲಿ ಜೊಂಡಿನ ಬೀಜಕ್ಕೆ ಒಗ್ಗಿಕೊಂಡು, ಅದನ್ನು ಅರೆಯಲು ಸಣ್ಣ ಕಲ್ಲಿನ ಚೂರುಗಳನ್ನು ನುಂಗುತ್ತದೆ. ಗಾಳಿ ಬೀಸಿದ ದಿನ ಅದು ಜೊಂಡಿನ ಬುಡಕ್ಕಿಳಿದುಬಿಡುವುದರಿಂದ ಹುಡುಕುವುದೇ ವ್ಯರ್ಥ. ಹವಾಮಾನದ ಮುನ್ಸೂಚನೆಯಲ್ಲಿ ಮಳೆಗಿಂತ ಗಾಳಿಯನ್ನು ಮೊದಲು ನೋಡಿಕೊಳ್ಳಿ. ಎರಡು ದಿನಗಳಲ್ಲಿ ಯಾವ ಬೆಳಿಗ್ಗೆ ಗಾಳಿ ಕಡಿಮೆಯೋ ಆ ಬೆಳಿಗ್ಗೆಯನ್ನು ಇದಕ್ಕೆ ಇಟ್ಟುಕೊಳ್ಳಿ.

ಗದಗಿನ ಕೆರೆ

ಓದಿ ಬಹಳ ಸಂತೋಷವಾಯಿತು. ನಾನು ಪರದೇಶಕ್ಕೆ ಹೋದವನಲ್ಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಮ್ಮ ಮಾಗಡಿ ಕೆರೆಗೆ ಹೋಗುವವನು. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದು ಎಲ್ಲರಿಗೂ ಗೊತ್ತಿದೆ. ನನ್ನ ಸಂಶಯ ಇಷ್ಟೇ. ನಮ್ಮಲ್ಲಿ ಎಷ್ಟೋ ಕೆರೆಗಳಿಗೆ ಜೊಂಡು ಮುತ್ತಿಕೊಂಡು ನೀರೇ ಕಾಣದಂತಾಗಿ, ಜೆಸಿಬಿ ತರಿಸಿ ತೆಗೆಸುತ್ತೇವೆ. ಅಲ್ಲಿಯವರು ಅದೇ ಜೊಂಡನ್ನು ಕೈಯಿಂದ ನೆಟ್ಟರೆಂದು ಓದಿದಾಗ ವಿಚಿತ್ರವೆನ್ನಿಸಿತು. ನೆಟ್ಟ ಮೇಲೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಾರೆಯೇ?

ನೀರುನೆಲ

ಬಿಡುವುದಿಲ್ಲ ಸರ್, ಬಿಟ್ಟರೆ ಜೊಂಡುಬಯಲು ಉಳಿಯುವುದೇ ಇಲ್ಲ. ಪ್ರತಿ ವರ್ಷ ಒಣಗಿದ ಕಡ್ಡಿ ಮತ್ತು ಎಲೆ ಬುಡದಲ್ಲಿ ಬಿದ್ದು ಪದರ ಪದರವಾಗಿ ಸೇರುತ್ತಾ ನೆಲ ಮೇಲೇಳುತ್ತದೆ, ನೀರು ಆಳ ಕಳೆದುಕೊಳ್ಳುತ್ತದೆ, ಮೊದಲು ಬಿಟರ್ನ್‌ಗೆ ಮೀನು ಸಿಗದಂತಾಗುತ್ತದೆ, ಆಮೇಲೆ ವಿಲೋ ಗಿಡಗಳು ಬೇರೂರಿ ಕೆಲವು ದಶಕಗಳಲ್ಲಿ ಜಾಗವೆಲ್ಲ ಪೊದೆಗಾಡಾಗುತ್ತದೆ. ಹಿಂದೆ ಮನೆಗಳ ಮಾಡಿಗೆ ಹೊದಿಸಲು ರೈತರು ಚಳಿಗಾಲದಲ್ಲಿ ಜೊಂಡು ಕೊಯ್ಯುತ್ತಿದ್ದುದರಿಂದ ಈ ಕೆಲಸ ತಾನಾಗಿಯೇ ನಡೆಯುತ್ತಿತ್ತು. ನಾರ್ಫೋಕ್‌ನಲ್ಲಿ ಆ ಕಸುಬು ಇಂದಿಗೂ ಇದೆ. ಕೊಯ್ಲು ನಿಂತ ಕಡೆಗಳಲ್ಲಿ ಮೀಸಲು ಪ್ರದೇಶದವರೇ ಬಯಲನ್ನು ತುಂಡುಗಳಾಗಿ ವಿಂಗಡಿಸಿ, ಒಂದೊಂದು ಚಳಿಗಾಲದಲ್ಲಿ ಒಂದೊಂದು ತುಂಡನ್ನು ಕೊಯ್ಯುತ್ತಾರೆ, ತೀರಾ ಒಣಗಿದ ಕಡೆ ಯಂತ್ರ ಇಳಿಸಿ ಮೇಲ್ಮಣ್ಣನ್ನೇ ತೆಗೆದು ನೆಲ ತಗ್ಗಿಸುತ್ತಾರೆ. ಎಂದರೆ ಅಲ್ಲಿಯೂ ಜೆಸಿಬಿ ಇದೆ. ಆದರೆ ಎಲ್ಲವನ್ನೂ ಒಂದೇ ಸಲ ಬಳಿದು ಹಾಕುವುದಿಲ್ಲ, ಗೂಡು ಕಟ್ಟುವ ಕಾಲದಲ್ಲಿ ಕೈ ಹಾಕುವುದಿಲ್ಲ, ನೀರಿನ ಮಟ್ಟವನ್ನು ತೂಬುಗಳಿಂದ ಹಿಡಿತದಲ್ಲಿಟ್ಟುಕೊಂಡಿರುತ್ತಾರೆ. ನಮ್ಮ ಊರುಗಳ ಅಂಚಿನ ಕೆರೆಗಳಲ್ಲಿ ಚರಂಡಿ ನೀರಿನ ಗೊಬ್ಬರವುಂಡು ಜೊಂಡು ಹಬ್ಬುವುದು ಬೇರೆಯೇ ಸಮಸ್ಯೆ; ಅಲ್ಲಿ ಜೊಂಡು ತೆಗೆದರೂ ಚರಂಡಿಯನ್ನು ತಡೆಯದಿದ್ದರೆ ಮರುವರ್ಷ ಮತ್ತೆ ಬರುತ್ತದೆ.

ಒಳನಾಡಿನಲ್ಲಿ ಹೊಸದಾಗಿ ನೆಟ್ಟದ್ದಕ್ಕೂ ಕಾರಣವಿದೆ. ಮಿನ್ಸ್‌ಮಿಯರ್‌ನಂಥ ಹಳೆಯ ಜೊಂಡುಬಯಲುಗಳು ಕಡಲಿನ ಪಕ್ಕದಲ್ಲೇ ಇವೆ. ಬಿರುಗಾಳಿಯ ಅಲೆ ತಡೆಗೋಡೆಯನ್ನು ಮೀರಿ ಉಪ್ಪುನೀರು ಒಳನುಗ್ಗಿದರೆ ಸಿಹಿನೀರಿನ ಮೀನು ಸಾಯುತ್ತದೆ, ಮೀನು ಹೋದರೆ ಬಿಟರ್ನ್ ಹೋಗುತ್ತದೆ. ಕಡಲ ಮಟ್ಟ ಏರುತ್ತಿರುವಾಗ ಎಲ್ಲ ಹಕ್ಕಿಗಳನ್ನೂ ಕರಾವಳಿಯ ಆಸರೆಗೇ ಬಿಡುವುದು ಸರಿಯಲ್ಲವೆಂದು ಲೇಕನ್‌ಹೀತ್‌ನಲ್ಲಿ ಹೊಲವನ್ನು ಜೌಗು ಮಾಡಿದರು. ಊಸ್ ಫೆನ್‌ನಲ್ಲಿ ಮರಳು, ಜಲ್ಲಿ ತೆಗೆದು ಮುಗಿದ ಗುಂಡಿಗಳನ್ನು ಹಂತ ಹಂತವಾಗಿ ಜೊಂಡುಬಯಲಾಗಿ ಮಾಡುತ್ತಿದ್ದಾರೆ. ಫೆನ್ ಎಂಬ ಆ ಸೀಮೆಯ ಬಹುಭಾಗವನ್ನು 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೇಲಿಯಸ್ ವೆರ್ಮೂಯ್ಡನ್ ಮುಂದಾಳುತನದಲ್ಲಿ ಬಸಿದು ಒಣಗಿಸಿದ್ದರು. ನೀರಿಳಿದ ಮೇಲೆ ಕೊಳೆಸಸ್ಯದ ಕಪ್ಪು ಮಣ್ಣು ಕುಗ್ಗುತ್ತಾ ಹೋಯಿತು. ಹೋಮ್ ಫೆನ್‌ನಲ್ಲಿ 1851ರಲ್ಲಿ ತಲೆ ನೆಲಮಟ್ಟಕ್ಕಿರುವಂತೆ ಹೂತಿದ್ದ ಕಬ್ಬಿಣದ ಕಂಬ ಈಗ ಸುಮಾರು ನಾಲ್ಕು ಮೀಟರ್ ಹೊರಗೆ ನಿಂತಿದೆ. ಕಂಬ ಮೇಲೆದ್ದಿಲ್ಲ, ಸುತ್ತಲಿನ ನೆಲ ಇಳಿದಿದೆ.

ಹೆಬ್ಬಾಳದ ಹಾದಿ

ಎಲ್ಲರಿಗೂ ಧನ್ಯವಾದ. ಲೇಕನ್‌ಹೀತ್ ಎಂದು ತೀರ್ಮಾನಿಸಿ ಈಲಿಯಲ್ಲಿ ಕೋಣೆ ಕಾದಿರಿಸಿದ್ದೇನೆ. ಕಡಲಂಚು ಅವರು ಕ್ಷಮಿಸಬೇಕು. ಇನ್ನೊಂದು ಪ್ರಶ್ನೆ. ಬಿಯರ್ಡೆಡ್ ಟಿಟ್‌ನ ಕೂಗನ್ನು ಫೋನಿನಲ್ಲಿ ಮೆಲ್ಲಗೆ ನುಡಿಸಿದರೆ ಅದು ಮೇಲೆ ಬರುತ್ತದೆಂದು ಇಲ್ಲಿನ ಸಹೋದ್ಯೋಗಿಯೊಬ್ಬರು ಹೇಳಿದರು. ಇದು ಅಲ್ಲಿ ರೂಢಿಯಲ್ಲಿದೆಯೇ?

ನಿರ್ವಾಹಕರು

ದಯವಿಟ್ಟು ಹಾಗೆ ಮಾಡಬೇಡಿ. ಬಿಟರ್ನ್, ಬಿಯರ್ಡೆಡ್ ಟಿಟ್ ಮತ್ತು ಮಾರ್ಷ್ ಹ್ಯಾರಿಯರ್ ಮೂರೂ ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಗೂಡು ಕಟ್ಟುವಾಗ, ಗೂಡಿನಲ್ಲಿ ಅಥವಾ ಗೂಡಿನ ಬಳಿ ಇರುವಾಗ ಇವುಗಳನ್ನು ಬೇಕೆಂದೇ ಆಗಲಿ, ಲೆಕ್ಕಿಸದೆಯೇ ಆಗಲಿ ಕದಡುವುದು ಅಪರಾಧ. ಮೇ ತಿಂಗಳೆಂದರೆ ಸರಿಯಾಗಿ ಅದೇ ಕಾಲ. ಗೂಡಿನ ಜಾಗ ತಿಳಿದರೂ ಅದನ್ನು ಈ ಚರ್ಚೆಯಲ್ಲಿ ಬರೆಯಬಾರದೆಂದು ಎಲ್ಲರಲ್ಲಿ ಕೋರಿಕೆ.

ಈಲಿಯ ನೆರೆ

ಫೋನಿನ ಅಗತ್ಯವೂ ಇಲ್ಲ. ‘ಪಿಂಗ್, ಪಿಂಗ್’ ಎಂಬ ಕೂಗನ್ನು ಮನೆಯಲ್ಲೇ ಕೇಳಿ ಕಿವಿಗೆ ಪರಿಚಯ ಮಾಡಿಕೊಂಡು ಬನ್ನಿ, ಹಕ್ಕಿ ಎಲ್ಲಿದೆಯೆಂದು ಅದೇ ಹೇಳುತ್ತದೆ. ಸಂದರ್ಶಕರ ಕೇಂದ್ರದಿಂದ ಎರಡು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಜಾಯ್ಸ್ಟ್ ಫೆನ್ ಎಂಬ ವೀಕ್ಷಣಾ ತಾಣವಿದೆ. ಬೆಳಿಗ್ಗೆ ನೇರವಾಗಿ ಅಲ್ಲಿಗೆ ನಡೆದು ಬೆಂಚಿನ ಮೇಲೆ ಕುಳಿತುಬಿಡಿ. ಆಕಾಶವನ್ನೂ ಮರೆಯಬೇಡಿ. ಆಫ್ರಿಕಾದಿಂದ ಆಗತಾನೇ ಬಂದ ಹಾಬಿ ಎಂಬ ಪುಟ್ಟ ಚಾಣಗಳು ಮೇ ತಿಂಗಳಲ್ಲಿ ಕೊಡತಿ ಹುಳುಗಳ ಬೇಟೆಗಾಗಿ ಜೊಂಡಿನ ಮೇಲೆ ಹತ್ತಾರು ಸಂಖ್ಯೆಯಲ್ಲಿ ಸೇರುವುದುಂಟು. ಹುಲ್ಲಿನ ಹಾದಿಯಲ್ಲಿ ರಕ್ತ ಹೀರುವ ಉಣ್ಣೆಗಳಿರುತ್ತವೆ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದು ಉತ್ತಮ.

ಹೆಬ್ಬಾಳದ ಹಾದಿ

ಹೋಗಿ ಬಂದೆ. ಕಂಡದ್ದನ್ನು ಕ್ರಮವಾಗಿ ಬರೆಯುವುದಕ್ಕಿಂತ ಮನಸ್ಸಿನಲ್ಲಿ ನಿಂತ ಎರಡು ಸಂಗತಿಗಳನ್ನು ಹೇಳುತ್ತೇನೆ.

ಶನಿವಾರ ಬೆಳಿಗ್ಗೆ ಜಾಯ್ಸ್ಟ್ ಫೆನ್ ಮುಟ್ಟುವ ಮೊದಲೇ ಬಿಟರ್ನ್ ಕೂಗು ಕೇಳಿಸಿತು, ಆಮೇಲೆ ಬಿಟ್ಟು ಬಿಟ್ಟು ಕೇಳುತ್ತಲೇ ಇತ್ತು. ಹಕ್ಕಿ ಮಾತ್ರ ಕಾಣಲಿಲ್ಲ. ಗಂಡು ಮಾರ್ಷ್ ಹ್ಯಾರಿಯರ್ ಒಂದು, ಬೂದುಬಣ್ಣದ ರೆಕ್ಕೆಯ ತುದಿ ಕಪ್ಪಗೆ ಎದ್ದು ಕಾಣುವಂತೆ, ಕಾಲಿನಲ್ಲಿ ಏನನ್ನೋ ಹಿಡಿದುಕೊಂಡು ಹೊಲಗಳ ಕಡೆಯಿಂದ ಬಂತು. ಗೂಡಿಗೆ ಇಳಿಯುತ್ತದೆಂದು ನಾನು ಕಾಯುತ್ತಿದ್ದರೆ, ಅದು ಜೊಂಡಿನ ಮೇಲೆ ಸುತ್ತುತ್ತಾ ಸಣ್ಣಗೆ ಕೂಗತೊಡಗಿತು. ತಲೆಯ ಮೇಲೆ ಕೆನೆಬಣ್ಣದ ಟೋಪಿಯಿದ್ದ ಕಂದು ಹೆಣ್ಣು ಜೊಂಡಿನಿಂದ ಸರಕ್ಕನೆ ಮೇಲೆದ್ದು ಗಂಡಿನ ಕೆಳಗೆ ಬಂದಿತು. ಗಂಡು ಬೇಟೆಯನ್ನು ಬಿಟ್ಟಿತು. ಹೆಣ್ಣು ಹಾರುತ್ತಲೇ ಅರ್ಧ ಮಗುಚಿ, ಕಾಲು ಮೇಲೆ ಮಾಡಿ, ಬೀಳುತ್ತಿದ್ದುದನ್ನು ಗಾಳಿಯಲ್ಲೇ ಹಿಡಿದು, ಎದ್ದ ಜಾಗಕ್ಕಿಂತ ತುಸು ಆಚೆ ಇಳಿದು ಮರೆಯಾಯಿತು. ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು, ಮುಂದಿನ ಸಲ ಗಂಡು ಬರುವ ದಿಕ್ಕನ್ನು ಗುರುತಿಟ್ಟುಕೊಳ್ಳಿ ಎಂದರು. ನಿಜಕ್ಕೂ ಮಧ್ಯಾಹ್ನದವರೆಗೆ ಅದು ಬಂದಾಗಲೆಲ್ಲ ಅದೇ ದಿಕ್ಕಿನಿಂದ ಬಂತು. ಎದ್ದು ಬೇರೆ ಕಡೆ ಹೋಗಿದ್ದರೆ ಇದು ತಿಳಿಯುತ್ತಿರಲಿಲ್ಲ.

ಭಾನುವಾರ ಗಾಳಿ ಸಂಪೂರ್ಣ ನಿಂತಿತ್ತು. ಕಾಲುವೆಯ ಅಂಚಿನಲ್ಲಿ ‘ಪಿಂಗ್’ ಕೇಳಿದ ಕಡೆ ಬೈನಾಕ್ಯುಲರ್ ಹಿಡಿದೆ. ಗಂಡು ಬಿಯರ್ಡೆಡ್ ಟಿಟ್ ಒಂದು ಕಾಲನ್ನು ಒಂದು ಕಡ್ಡಿಗೆ, ಇನ್ನೊಂದು ಕಾಲನ್ನು ಪಕ್ಕದ ಕಡ್ಡಿಗೆ ಊರಿ, ಎರಡೂ ಕಡ್ಡಿಗಳು ಅದರ ಭಾರಕ್ಕೆ ನಿಧಾನವಾಗಿ ದೂರ ಸರಿಯುತ್ತಿದ್ದರೂ ಅವಸರವಿಲ್ಲದೆ ಕುಳಿತಿತ್ತು. ಬೂದು ತಲೆ, ಹಳದಿ ಕಣ್ಣು, ಕಣ್ಣಿನ ಕೆಳಗಿಂದ ಎರಡೂ ಕಡೆ ಜೋತುಬಿದ್ದ ಕಪ್ಪು ಮೀಸೆ. ಗಡ್ಡವಲ್ಲ, ಮೀಸೆಯೇ. ಬಾಯಿ ತುಂಬ ಹಸಿರು ಹುಳುಗಳಿದ್ದವು. ಕಡ್ಡಿಗಳು ತೀರಾ ದೂರವಾದಾಗ ಒಂದನ್ನು ಬಿಟ್ಟು ಇನ್ನೊಂದರ ಬುಡಕ್ಕೆ ಜಾರಿಹೋಯಿತು. ಬಿಟರ್ನ್ ಅಂತೂ ಅದೇ ದಿನ ಹನ್ನೊಂದು ಗಂಟೆಯ ಸುಮಾರಿಗೆ ಒಂದು ಹೊಂಡದಿಂದ ಎದ್ದು, ಜೊಂಡಿನ ತುದಿಗೆ ಕಾಲು ತಾಗುವಷ್ಟು ಕೆಳಗೆ ಹಾರಿ ಇನ್ನೊಂದು ಕಡೆ ಇಳಿಯಿತು. ಇಷ್ಟು ಅಗಲ ರೆಕ್ಕೆಯ ಹಕ್ಕಿ ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ ತಿಳಿಯದು.

ಕಡಲಂಚು

ಸೊಗಸಾಗಿ ಬರೆದಿದ್ದೀರಿ, ಕ್ಷಮಿಸಿದ್ದೇನೆ. ಕ್ರೌಂಚಗಳು ಕಾಣಲಿಲ್ಲವೇ? ಫೆನ್ ಸೀಮೆಯಲ್ಲಿ ಸುಮಾರು 400 ವರ್ಷ ಗೂಡು ಕಟ್ಟದೆ ಇದ್ದ ಕ್ರೌಂಚಗಳು 2007ರಲ್ಲಿ ಲೇಕನ್‌ಹೀತ್‌ನಲ್ಲಿಯೇ ಮೊದಲು ಗೂಡು ಕಟ್ಟಿದವು. ಅಲ್ಲಿನ ಪಾಪ್ಲರ್ ತೋಪುಗಳನ್ನು ಬ್ರಯಂಟ್ ಅಂಡ್ ಮೇ ಎಂಬ ಬೆಂಕಿಕಡ್ಡಿ ಕಂಪನಿ ಕಡ್ಡಿಗಾಗಿ ನೆಡಿಸಿದ್ದು, ಆ ಮರಗಳಲ್ಲಿ ಯುರೋಪಿನ ಹೊನ್ನಕ್ಕಿಗಳು ಬಹಳ ವರ್ಷ ಗೂಡು ಕಟ್ಟುತ್ತಿದ್ದವು. ಈಗ ಅವು ಇಲ್ಲ.

ಹೆಬ್ಬಾಳದ ಹಾದಿ

ಕ್ರೌಂಚಗಳ ಕಹಳೆ ಕೇಳಿಸಿತು, ಹಕ್ಕಿ ಕಾಣಲಿಲ್ಲ. ಹಾಬಿಗಳು ಮಾತ್ರ ತಲೆಯ ಮೇಲೆಯೇ ಕೊಡತಿ ಹಿಡಿದು, ಹಾರುತ್ತಲೇ ರೆಕ್ಕೆ ಕಿತ್ತೆಸೆದು ತಿನ್ನುತ್ತಿದ್ದವು.

ಗದಗಿನ ಕೆರೆ

ನಮ್ಮಲ್ಲಿಗೆ ಚಳಿಗಾಲದಲ್ಲಿ ಬರುವ ಮಾರ್ಷ್ ಹ್ಯಾರಿಯರ್‌ಗಳು ಇವೇ ಏನು?

ನೀರುನೆಲ

ಜಾತಿ ಒಂದೇ, ಹಕ್ಕಿಗಳು ಬೇರೆ. ಬ್ರಿಟನ್ನಿನವು ಚಳಿಗಾಲಕ್ಕೆ ದಕ್ಷಿಣ ಯುರೋಪ್ ಮತ್ತು ಪಶ್ಚಿಮ ಆಫ್ರಿಕಾದ ಕಡೆ ಹೋಗುತ್ತವೆ, ಈಗೀಗ ಬ್ರಿಟನ್ನಿನಲ್ಲಿಯೇ ಉಳಿಯುವವೂ ಬಹಳ. ನಮ್ಮ ಕೆರೆಗಳಿಗೆ ಬರುವವು ಮಧ್ಯ ಏಷ್ಯಾ ಮತ್ತು ರಷ್ಯಾದ ಜೌಗುಗಳಲ್ಲಿ ಹುಟ್ಟಿದವು. ಬ್ರಿಟನ್ನಿನ ಜೊಂಡಿನಲ್ಲಿ ಕೂಗುವ ರೀಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಕೂಡ ಆಫ್ರಿಕಾಕ್ಕೇ ಹೋಗುತ್ತದೆ. ಅದರ ಹತ್ತಿರದ ಸಂಬಂಧಿಯಾದ ಬ್ಲೈತ್ಸ್ ರೀಡ್ ವಾರ್ಬ್ಲರ್ ನಮ್ಮ ಬೇಲಿ, ತೋಟಗಳಲ್ಲಿ ಚಳಿಗಾಲ ಕಳೆಯುತ್ತದೆ. ಅಂದ ಹಾಗೆ, ರೀಡ್ ವಾರ್ಬ್ಲರ್ ಗೂಡಿನಲ್ಲಿ ಕುಕ್ಕೂ ಮೊಟ್ಟೆಯಿಡುವುದನ್ನು ಕೇಂಬ್ರಿಜ್‌ನ ನಿಕ್ ಡೇವಿಸ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ವಿಕನ್ ಫೆನ್‌ನಲ್ಲಿ. ಹೆಣ್ಣು ಕುಕ್ಕೂ ಮಧ್ಯಾಹ್ನದ ಮೇಲೆ ಬಂದು, ಸುಮಾರು ಹತ್ತು ಸೆಕೆಂಡುಗಳಲ್ಲಿ ಆತಿಥೇಯ ಹಕ್ಕಿಯ ಒಂದು ಮೊಟ್ಟೆ ತೆಗೆದು ತನ್ನದನ್ನಿಟ್ಟು ಹೋಗುತ್ತದೆ. ಕುಕ್ಕೂ ನೋಡಬೇಕೆನ್ನುವವರು ಮಧ್ಯಾಹ್ನದ ಹೊತ್ತನ್ನೂ ಬಿಡಬಾರದು.

ಕೃಷ್ಣಾತೀರ

ತಡವಾಗಿ ಸೇರುತ್ತಿದ್ದೇನೆ. ನಾವು ಜೂನ್ ಮಧ್ಯದಲ್ಲಿ ಲಂಡನ್ನಿನ ತಂಗಿಯ ಮನೆಗೆ ಹೋಗುತ್ತಿದ್ದೇವೆ. ಜೊತೆಗೆ ವಯಸ್ಸಾದ ಅಮ್ಮ ಮತ್ತು ಇಬ್ಬರು ಮಕ್ಕಳು ಇರುತ್ತಾರೆ, ಕಾರೂ ಇರುತ್ತದೆ. ಆ ಹೊತ್ತಿಗೆ ಬಿಟರ್ನ್ ಕಾಲ ಮುಗಿದಿರುತ್ತದೆಯೇ?

ಈಲಿಯ ನೆರೆ

ಕೂಗು ಕಡಿಮೆಯಾಗುತ್ತಾ ಬರುತ್ತದೆ, ಆದರೆ ಹಕ್ಕಿ ಕಾಣುವ ಅವಕಾಶ ಹೆಚ್ಚುತ್ತದೆ. ಮರಿ ಸಾಕುವ ಹೊಣೆಯೆಲ್ಲ ಹೆಣ್ಣಿನದೇ. ಗಂಡು ಅದರಲ್ಲಿ ಕೈ ಹಾಕುವುದಿಲ್ಲ. ಮೇ ಕೊನೆಯಿಂದ ಜೂನ್‌ವರೆಗೆ ಹೆಣ್ಣು ಬಿಟರ್ನ್ ಮೀನಿನ ಹೊಂಡಕ್ಕೂ ಗೂಡಿಗೂ ನಡುವೆ ಹಗಲಿಡೀ ಓಡಾಡುತ್ತಿರುತ್ತದೆ, ಸಾಮಾನ್ಯವಾಗಿ ಅದೇ ದಾರಿಯಲ್ಲಿ. ಒಮ್ಮೆ ಹಾರಿದ್ದನ್ನು ಕಂಡರೆ ಅಲ್ಲಿಯೇ ಕಾಯಿರಿ.

ನಿಮಗೆ ಮಾತ್ರ ಲೇಕನ್‌ಹೀತ್ ಬೇಡ, ಕಡಲಂಚು ಅವರ ಮಿನ್ಸ್‌ಮಿಯರ್‌ಗೇ ಹೋಗಿ. ಲೇಕನ್‌ಹೀತ್‌ನಲ್ಲಿ ನಡೆಯುವ ದೂರ ಅಮ್ಮನಿಗೆ ಕಷ್ಟವಾಗಬಹುದು, ಮಕ್ಕಳಿಗೆ ಖಾಲಿ ಜೊಂಡನ್ನು ನೋಡುತ್ತಾ ಕೂರುವ ತಾಳ್ಮೆ ಇರುವುದಿಲ್ಲ. ಮಿನ್ಸ್‌ಮಿಯರ್‌ನ ಸ್ಕ್ರೇಪ್‌ನಲ್ಲಿ ಅವೊಸೆಟ್ ಮರಿಗಳು ಕಣ್ಣೆದುರೇ ಓಡಾಡುತ್ತಿರುತ್ತವೆ. ಅಮ್ಮನನ್ನು ಮಕ್ಕಳೊಂದಿಗೆ ಅಲ್ಲಿ ಕೂರಿಸಿ, ನೀವು ಒಬ್ಬರೇ ಬಿಟರ್ನ್ ಹೈಡ್ ಅಥವಾ ಐಲ್ಯಾಂಡ್ ಮಿಯರ್ ಹೈಡ್‌ನಲ್ಲಿ ಎರಡು ಗಂಟೆ ಕುಳಿತು ಬನ್ನಿ. ಹೈಡ್‌ಗಳಿಗೆ ಏರುವ ದಾರಿ, ಗಾಲಿಕುರ್ಚಿಯ ಸೌಲಭ್ಯ, ಸದಸ್ಯರಲ್ಲದವರ ಪ್ರವೇಶ ಶುಲ್ಕ ಇವನ್ನು ಹೋಗುವ ಮೊದಲು ಸಂದರ್ಶಕರ ಕೇಂದ್ರಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಕಡಲಂಚು

ವಾಹನ ನಿಲುಗಡೆ ರಜೆಯ ದಿನಗಳಲ್ಲಿ ಬೇಗ ತುಂಬುತ್ತದೆ. ಒಂಬತ್ತು ಗಂಟೆಯೊಳಗೆ ತಲುಪಿ. ದಕ್ಷಿಣಕ್ಕೆ ಕಾಣುವ ದೊಡ್ಡ ಬಿಳಿ ಗುಮ್ಮಟ ಏನೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದು ಸೈಜ್‌ವೆಲ್ ಅಣು ವಿದ್ಯುತ್ ಸ್ಥಾವರ.